ಎಚ್‌ಡ್ಯಾಕ್ ಪ್ರಾಜೆಕ್ಟ್‌ಗೆ ಯಾವ ಮದ್ದು, ಯಾವ ಕೋಶ?

ರಕ್ತದ ಕ್ಯಾನ್ಸರ್ ಮೇಲೆ ಪ್ರಾಜೆಕ್ಟ್ ಮಾಡಲು ಹೊರಟ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: 'ಯಾವ ಎಚ್‌ಡ್ಯಾಕ್ ಇನ್‌ಹಿಬಿಟರ್ ತರಿಸಲಿ?' ಎಚ್‌ಡ್ಯಾಕ್ ಎಂದರೆ ಜೀನುಗಳನ್ನು ಮುಚ್ಚಿಡಲು ನೆರವಾಗುವ ಕಿಣ್ವ, ಇನ್‌ಹಿಬಿಟರ್ ಎಂದರೆ ಅದನ್ನು ತಡೆಯುವ ಮದ್ದು. ಕೊಣಾಜೆಯಲ್ಲೂ ಇದೇ, ದೇರಳಕಟ್ಟೆಯಲ್ಲೂ ಇದೇ, ಮಣಿಪಾಲದಲ್ಲೂ ಇದೇ. ನನ್ನ ಉತ್ತರ ಕೆಲವರಿಗೆ ಕಿರಿಕಿರಿ ಆಗುತ್ತದೆ. ಮದ್ದನ್ನು ಮಾತ್ರ ಬೇರೆಯಾಗಿ ಆರಿಸಲು ಬರುವುದಿಲ್ಲ. ಮದ್ದು, ಕೋಶ, ಪ್ರಮಾಣ, ಮೂರನ್ನೂ ಒಟ್ಟಿಗೆ ಆರಿಸಬೇಕು.

ಯಾಕೆಂದರೆ ಒಂದೇ ಮದ್ದು ಒಂದೊಂದು ಕೋಶದಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಟಿ ಕೋಶ ಎಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶ. ಅದರ ಕ್ಯಾನ್ಸರ್ ಆದ ಲಿಂಫೋಮಾದ ಟಿ ಕೋಶವನ್ನು ಸಾಯಿಸುತ್ತದೆ. ಆರೋಗ್ಯವಂತರ ರಕ್ತದಲ್ಲಿ ಸುಮ್ಮನಿರುವ ಟಿ ಕೋಶಕ್ಕೆ ಅದೇ ಪ್ರಮಾಣದಲ್ಲಿ ಹೆಚ್ಚೇನೂ ಆಗುವುದಿಲ್ಲ. ರೋಗಾಣು ನುಂಗುವ ಮ್ಯಾಕ್ರೊಫೇಜ್ ಕೋಶ ಆದರೆ ಇನ್ನೂ ಕಡಿಮೆ ಪ್ರಮಾಣಕ್ಕೇ ಸೈಟೊಕೈನ್, ಅಂದರೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್, ಬಿಡುವುದನ್ನು ಇಳಿಸುತ್ತದೆ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಕ್ಯಾಟಲಾಗ್ ತೆರೆದರೆ ದುಡ್ಡು ನೀರಿನಲ್ಲಿ ಹೋಮ.

ತಳಪಾಯ ಗೊತ್ತಿರುವವರು ಈ ಪ್ಯಾರಾ, ಮುಂದಿನ ಪ್ಯಾರಾ ಎರಡನ್ನೂ ಬಿಟ್ಟು ಓದಬಹುದು. ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಬಾಲದಲ್ಲಿ ಲೈಸೀನ್ ಜಾಸ್ತಿ. ಲೈಸೀನಿನದ್ದು ಪ್ಲಸ್ ಚಾರ್ಜ್, ಡಿಎನ್‌ಎಯದ್ದು ಮೈನಸ್. ಹಾಗಾಗಿ ಎರಡೂ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಲೈಸೀನಿಗೆ ಅಸೆಟೈಲ್ ಗುಂಪು ಕೂಡಿದರೆ ಪ್ಲಸ್ ಚಾರ್ಜ್ ಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ, ಆ ಜಾಗದ ಜೀನನ್ನು ಓದಲು ದಾರಿಯಾಗುತ್ತದೆ. ಈ ಸಂಬಂಧವನ್ನು 1964ರಲ್ಲೇ ರಾಕ್‌ಫೆಲರ್‌ನ ವಿನ್ಸೆಂಟ್ ಆಲ್‌ಫ್ರಿ ಬಳಗ ಸೂಚಿಸಿತ್ತು. ಕೂಡಿದ ಅಸೆಟೈಲನ್ನು ಕಿತ್ತು ಹಾಕುವ ಕಿಣ್ವಗಳೇ ಹಿಸ್ಟೋನ್ ಡಿಅಸೆಟೈಲೇಸ್‌ಗಳು. ಲ್ಯಾಬಿನ ಬಾಯಿಮಾತಿನಲ್ಲಿ ಎಚ್‌ಡ್ಯಾಕ್.

ಮನುಷ್ಯರಲ್ಲಿ ಇಂಥವು 18 ಇವೆ. ಅದರಲ್ಲಿ 7 ಸರ್ಟುಯಿನ್‌ಗಳು. ಅವು ಎನ್‌ಎಡಿ ಬಳಸಿ ಕೆಲಸ ಮಾಡುವ ಬೇರೆಯೇ ಪಂಗಡ, ಇಲ್ಲಿ ಅವುಗಳ ಸುದ್ದಿ ಬೇಡ. ಉಳಿದ 11ಕ್ಕೆ ಸತುವಿನ ಅಯಾನು ಬೇಕು. ನಾವು ಕೊಳ್ಳುವ ಮದ್ದುಗಳಲ್ಲಿ ಹೆಚ್ಚಿನವು ಆ ಸತುವನ್ನೇ ಹಿಡಿದುಕೊಂಡು ಕಿಣ್ವವನ್ನು ಕಟ್ಟಿ ಹಾಕುತ್ತವೆ. 1, 2, 3, 8 ಒಂದನೇ ವರ್ಗ, ಹೆಚ್ಚಾಗಿ ಕೋಶಕೇಂದ್ರದಲ್ಲಿ ಇರುವಂಥವು. 4, 5, 7, 9 ಎರಡನೇ ವರ್ಗದ ಎ. 6 ಮತ್ತು 10 ಎರಡನೇ ವರ್ಗದ ಬಿ. ಇದರಲ್ಲಿ ಎಚ್‌ಡ್ಯಾಕ್6 ಕೋಶಕೇಂದ್ರದ ಹೊರಗೆ, ಕೋಶದ ಹಂದರ ಕಟ್ಟುವ ಟ್ಯೂಬ್ಯುಲಿನ್ ಪ್ರೋಟೀನಿನ ಮೇಲಿನ ಅಸೆಟೈಲನ್ನು ಕೀಳುತ್ತದೆ. 11 ಒಂಟಿ, ಅದಕ್ಕೆ ನಾಲ್ಕನೇ ವರ್ಗ. ಹೆಸರಿನಲ್ಲಿ ಹಿಸ್ಟೋನ್ ಇದ್ದರೂ ಹಿಸ್ಟೋನ್ ಅಲ್ಲದ ಎಷ್ಟೋ ಪ್ರೋಟೀನುಗಳ ಮೇಲೂ ಇವು ಕೈ ಆಡಿಸುತ್ತವೆ.

ಎಲ್ಲವನ್ನೂ ತಡೆಯುವ ಮದ್ದುಗಳು

ಮೊದಲು ವೊರಿನೊಸ್ಟಾಟ್. ಇದರ ಮೂಲ ತಿಳಿದುಕೊಂಡರೆ ಕಂಟ್ರೋಲ್ ಇಡುವಾಗ ಪ್ರಯೋಜನ ಇದೆ. 1971ರಲ್ಲಿ ಷಾರ್ಲಟ್ ಫ್ರೆಂಡ್ ಇಲಿಯ ಲ್ಯುಕೇಮಿಯಾ ಕೋಶಗಳಿಗೆ ಡಿಎಂಎಸ್‌ಒ ಹಾಕಿ ನೋಡಿದರು. ಕೋಶಗಳು ಬೆಳೆಯುವುದು ಬಿಟ್ಟು ಹಿಮೋಗ್ಲೋಬಿನ್ ಮಾಡತೊಡಗಿದವು. ಹೌದು, ನಾವು ದಿನಾ ಮದ್ದು ಕರಗಿಸಲು ಬಳಸುವ ಅದೇ ಡಿಎಂಎಸ್‌ಒ. ಅದರ ಜಾಡು ಹಿಡಿದು ರೊನಾಲ್ಡ್ ಬ್ರೆಸ್ಲೊ, ಪಾಲ್ ಮಾರ್ಕ್ಸ್, ರಿಚರ್ಡ್ ರಿಫ್ಕಿಂಡ್ ವರ್ಷಗಟ್ಟಲೆ ಅಣುಗಳನ್ನು ತಿದ್ದಿ ತೀಡಿ ಕೊನೆಗೆ ಮುಟ್ಟಿದ್ದು ಸಾಹಾ ಎಂಬ ಅಣುವಿಗೆ, ಅಂದರೆ ವೊರಿನೊಸ್ಟಾಟ್‌ಗೆ. 2006ರ ಅಕ್ಟೋಬರಿನಲ್ಲಿ ಚರ್ಮದ ಟಿ-ಕೋಶ ಲಿಂಫೋಮಾಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿತು. ಎಚ್‌ಡ್ಯಾಕ್ ಇನ್‌ಹಿಬಿಟರ್‌ಗಳಲ್ಲಿ ಮೊದಲು ಒಪ್ಪಿಗೆ ಪಡೆದದ್ದು ಇದೇ.

ಲ್ಯಾಬಿನಲ್ಲಿ ಇದು ಒಳ್ಳೆಯ ಮೊದಲ ಮದ್ದು. 0.5ರಿಂದ 5 ಮೈಕ್ರೋಮೋಲಾರ್ ಒಳಗೆ ಹೆಚ್ಚಿನ ರಕ್ತ ಕ್ಯಾನ್ಸರ್ ಕೋಶಗಳಲ್ಲಿ ಪರಿಣಾಮ ಕಾಣುತ್ತದೆ. ಎಷ್ಟೋ ಮಂದಿ ಬಳಸಿರುವುದರಿಂದ ನಿಮ್ಮ ಫಲಿತಾಂಶವನ್ನು ಹೋಲಿಸಿ ನೋಡಲು ಸಾಹಿತ್ಯ ಧಾರಾಳವಾಗಿ ಸಿಗುತ್ತದೆ. ತೊಳೆದು ತೆಗೆದರೆ ಕೆಲವೇ ಗಂಟೆಗಳಲ್ಲಿ ಅಸೆಟೈಲೇಷನ್ ಹಿಂದಿನ ಮಟ್ಟಕ್ಕೆ ಇಳಿಯುತ್ತದೆ. ಕೆಲವು ಪ್ರಯೋಗಕ್ಕೆ ಇದು ತಲೆನೋವು, ಕೆಲವಕ್ಕೆ ವರ. ಕೊರತೆ ಅಂದರೆ ಇದು ಎಚ್‌ಡ್ಯಾಕ್1ರ ಜೊತೆಗೆ ಎಚ್‌ಡ್ಯಾಕ್6ನ್ನೂ ಹಿಡಿಯುತ್ತದೆ. ಹಾಗಾಗಿ ವೊರಿನೊಸ್ಟಾಟ್ ಹಾಕಿ 'ಇದು ಎಚ್‌ಡ್ಯಾಕ್3ರ ಕೆಲಸ' ಎಂದು ಬರೆದರೆ ಯಾವ ಪರೀಕ್ಷಕರೂ ಒಪ್ಪುವುದಿಲ್ಲ.

ಪ್ಯಾನೊಬಿನೊಸ್ಟಾಟ್ ಇದೇ ಕುಟುಂಬದ್ದು, ಆದರೆ ಭಾರೀ ಖಡಕ್. 5ರಿಂದ 50 ನ್ಯಾನೋಮೋಲಾರ್ ಸಾಕು (ನ್ಯಾನೋ ಎಂದರೆ ಮೈಕ್ರೋದ ಸಾವಿರದಲ್ಲಿ ಒಂದು). ಇದನ್ನು ವೊರಿನೊಸ್ಟಾಟ್‌ನ ಅಂದಾಜಿನಲ್ಲಿ ಮೈಕ್ರೋಮೋಲಾರ್ ಲೆಕ್ಕಕ್ಕೆ ಹಾಕಿ, ಎಲ್ಲ ಕೋಶ ಸತ್ತು, 'ಅದ್ಭುತ ಪರಿಣಾಮ' ಎಂದು ಪೋಸ್ಟರ್ ಮಾಡಿದ್ದನ್ನು ನೋಡಿದ್ದೇನೆ. ಅಷ್ಟು ಹಾಕಿದರೆ ಯಾವ ಕೋಶವೂ ಸಾಯುತ್ತದೆ, ಅಲ್ವಾ?

ಟ್ರೈಕೊಸ್ಟಾಟಿನ್ ಎ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಶಿಲೀಂಧ್ರದ ಮದ್ದಾಗಿ ಸಿಕ್ಕಿದ್ದು. ಅದು ಎಚ್‌ಡ್ಯಾಕ್ ತಡೆಯುತ್ತದೆಂದು 1990ರಲ್ಲಿ ಮಿನೊರು ಯೋಶಿದಾ ತೋರಿಸಿದರು. ರೋಗಿಗಳಿಗೆ ಕೊಡುವ ಮದ್ದಲ್ಲ. ಪಾಸಿಟಿವ್ ಕಂಟ್ರೋಲ್ ಆಗಿ ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚಿನ ಆಸೆ ಬೇಡ.

ಇನ್ನು ಬಡವರ ಬಂಧು ವಾಲ್ಪ್ರೊಯೇಟ್. ಅಪಸ್ಮಾರಕ್ಕೆ ದಶಕಗಳಿಂದ ಕೊಡುತ್ತಿರುವ ಮದ್ದು. ಎಚ್‌ಡ್ಯಾಕ್ ತಡೆಯುವ ಗುಣ ಗೊತ್ತಾದದ್ದು 2001ರಲ್ಲಿ. ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, ನೀರಿನಲ್ಲಿ ಕರಗುತ್ತದೆ, ಡಿಎಂಎಸ್‌ಒ ರಗಳೆಯೇ ಇಲ್ಲ. ಆದರೆ ಬೇಕಾಗುವುದು ಮಿಲಿಮೋಲಾರ್ ಪ್ರಮಾಣ, 0.5ರಿಂದ 5ರವರೆಗೆ. ಅಷ್ಟು ಹಾಕಿದಾಗ ಕೋಶದಲ್ಲಿ ಬೇರೆ ಏನೆಲ್ಲ ನಡೆಯುತ್ತದೋ ಅದನ್ನೆಲ್ಲ ಎಚ್‌ಡ್ಯಾಕ್ ತಲೆಗೆ ಕಟ್ಟಲಾಗದು. ಒಂದು ಸಮಾಧಾನ ಇದೆ: ರೋಗಿಗಳ ರಕ್ತದಲ್ಲಿ ಇರಬೇಕಾದ ಮಟ್ಟ ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ, ಅಂದರೆ ಹೆಚ್ಚುಕಮ್ಮಿ 0.35ರಿಂದ 0.7 ಮಿಲಿಮೋಲಾರ್. ಆ ಆಸುಪಾಸಿನಲ್ಲೇ ಕೆಲಸ ಮಾಡಿದರೆ ನಿಮ್ಮ ಫಲಿತಾಂಶಕ್ಕೆ ಒಂದು ಅರ್ಥ ಇರುತ್ತದೆ. ಮತ್ತೆ, ಮಾತ್ರೆ ಕುಟ್ಟಿ ಪುಡಿ ಮಾಡಬೇಡಿ. ಲ್ಯಾಬ್ ದರ್ಜೆಯ ಶುದ್ಧ ಪುಡಿಯೇ ತರಿಸಿ. ಸೋಡಿಯಂ ಬ್ಯುಟಿರೇಟ್ ಕೂಡ ಇದೇ ಸಾಲಿನದು. ಅದು ನಮ್ಮ ಕರುಳಿನ ಬ್ಯಾಕ್ಟೀರಿಯಾ ನಾರಿನಿಂದ ತಾವೇ ತಯಾರಿಸುವ ವಸ್ತು. ಅದರಿಂದ ಕರುಳಿನಲ್ಲಿ ರೆಗ್ಯುಲೇಟರಿ ಟಿ ಕೋಶಗಳು, ಅಂದರೆ ರೋಗನಿರೋಧಕ ಶಕ್ತಿಗೆ ಲಗಾಮು ಹಾಕುವ ಟಿ ಕೋಶಗಳು, ಹೆಚ್ಚುತ್ತವೆ ಎಂದು 2013ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ತೋರಿಸಿದವು. ರೋಗನಿರೋಧಕ ಕೋಶಗಳ ಮೇಲೆ ಆಸಕ್ತಿ ಇದ್ದು ಬಜೆಟ್ ಇಲ್ಲದವರಿಗೆ ಇದು ಒಳ್ಳೆಯ ದಾರಿ.

ಒಂದೆರಡನ್ನೇ ಹಿಡಿಯುವ ಮದ್ದುಗಳು

ರೊಮಿಡೆಪ್ಸಿನ್ ಕ್ರೋಮೊಬ್ಯಾಕ್ಟೀರಿಯಂ ವಯೊಲೇಸಿಯಂನಿಂದ ಬಂದದ್ದು. ಕೋಶದ ಒಳಗೆ ಹೋದ ಮೇಲೆ ಅದರ ಡೈಸಲ್ಫೈಡ್ ಕೊಂಡಿ ಬಿಚ್ಚಿಕೊಳ್ಳುತ್ತದೆ. ಹಾಗೆ ತೆರೆದ ಗಂಧಕದ ತುದಿ ಸತುವನ್ನು ಹಿಡಿಯುತ್ತದೆ. ಒಂದನೇ ವರ್ಗದ ಮೇಲೆ ಒಲವು. 1ರಿಂದ 10 ನ್ಯಾನೋಮೋಲಾರ್‌ಗೇ ಕೆಲಸ ಮುಗಿಯುತ್ತದೆ. ಬೆಲೆ ಜಾಸ್ತಿ, ಆದರೆ ಬೇಕಾಗುವುದು ಚಿಟಿಕೆಯಷ್ಟೂ ಅಲ್ಲ. ಒಂದು ಎಚ್ಚರಿಕೆ: ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಇದನ್ನು ಕೋಶದಿಂದ ಹೊರಗೆ ತಳ್ಳುತ್ತದೆ. ಕೀಮೊ ಮದ್ದಿಗೆ ಬಗ್ಗದ ಸೆಲ್ ಲೈನ್‌ಗಳಲ್ಲಿ ಆ ಪಂಪ್ ಜಾಸ್ತಿ ಇರುವುದುಂಟು. ಅಲ್ಲಿ ರೊಮಿಡೆಪ್ಸಿನ್ ಸೋತರೆ ಎಚ್‌ಡ್ಯಾಕ್ ಮೇಲೆ ಗೂಬೆ ಕೂರಿಸಬೇಡಿ.

ಎಂಟಿನೊಸ್ಟಾಟ್ ಬೆಂಜಮೈಡ್ ಗುಂಪಿನದು. 1, 2, 3ನ್ನು ಹಿಡಿಯುತ್ತದೆ, 6ನ್ನು ಮುಟ್ಟುವುದಿಲ್ಲ. ನಿಧಾನವಾಗಿ ಕೂರುತ್ತದೆ, ನಿಧಾನವಾಗಿ ಏಳುತ್ತದೆ. ವೊರಿನೊಸ್ಟಾಟ್‌ಗೆ ಇಟ್ಟ ಟೈಮ್ ಪಾಯಿಂಟ್‌ಗಳನ್ನೇ ಇದಕ್ಕೂ ಇಟ್ಟರೆ ನಾಲ್ಕನೇ ಗಂಟೆಗೆ ಏನೂ ಕಾಣದೆ ನಿರಾಸೆ ಆಗಬಹುದು. 24 ಗಂಟೆವರೆಗೂ ಕಾಯಿರಿ.

ಎಚ್‌ಡ್ಯಾಕ್6ಕ್ಕೆ ಟ್ಯೂಬಸ್ಟಾಟಿನ್ ಎ ಅಥವಾ ರಿಕೊಲಿನೊಸ್ಟಾಟ್. ಎಚ್‌ಡ್ಯಾಕ್8ಕ್ಕೆ ಪಿಸಿಐ-34051, 2008ರಲ್ಲಿ ಬಂದ ಮೊದಲ ವರದಿಯಲ್ಲೇ ಅದು ಟಿ-ಕೋಶ ಲಿಂಫೋಮಾ ಮತ್ತು ಲ್ಯುಕೇಮಿಯಾ ಕೋಶಗಳನ್ನು ಸಾಯಿಸುತ್ತದೆಂದು ತೋರಿಸಿದ್ದರು. ಎಚ್‌ಡ್ಯಾಕ್3ಕ್ಕೆ ಆರ್‌ಜಿಎಫ್‌ಪಿ966. ಎರಡನೇ ವರ್ಗದ ಎ ಗುಂಪಿಗೆ ಟಿಎಂಪಿ269. ಇವನ್ನೆಲ್ಲ ಸೆಲೆಕ್ಟಿವ್ ಎಂದು ಲೇಬಲ್ ಮೇಲೆ ಬರೆದಿರುತ್ತಾರೆ. ನಿಜ, ಪ್ರಮಾಣ ಕಡಿಮೆ ಇದ್ದಾಗ. ಜಾಸ್ತಿ ಸುರಿದರೆ ಎಲ್ಲವೂ ಪಕ್ಕದ ಮನೆಗೆ ನುಗ್ಗುತ್ತವೆ. ಅದನ್ನು ಹಿಡಿಯುವುದು ಸುಲಭ. ಒಂದೇ ಸ್ಯಾಂಪಲ್‌ನಲ್ಲಿ ಅಸೆಟೈಲ್ ಟ್ಯೂಬ್ಯುಲಿನ್ ಮತ್ತು ಅಸೆಟೈಲ್ ಎಚ್3 (ಎಚ್3 ಹಿಸ್ಟೋನ್‌ಗಳಲ್ಲಿ ಒಂದು) ಎರಡನ್ನೂ ನೋಡಿ. ಟ್ಯೂಬ್ಯುಲಿನ್ ಮಾತ್ರ ಏರಿದರೆ ಎಚ್‌ಡ್ಯಾಕ್6 ಮದ್ದು ತನ್ನ ಜಾಗದಲ್ಲಿದೆ. ಎಚ್3 ಕೂಡ ಏರಿತೋ, ಪ್ರಮಾಣ ಇಳಿಸಿ.

ಆಸ್ಪತ್ರೆಯಲ್ಲಿ ಇವುಗಳ ಕಥೆ

ಸಿನಾಪ್ಸಿಸ್‌ನ ಪೀಠಿಕೆಯಲ್ಲಿ ಎಲ್ಲರೂ 'ರಕ್ತದ ಕ್ಯಾನ್ಸರಿಗೆ ನಾಲ್ಕು ಮದ್ದುಗಳಿಗೆ ಎಫ್‌ಡಿಎ ಒಪ್ಪಿಗೆ ಇದೆ' ಎಂದು ಕಾಪಿ ಹೊಡೆಯುತ್ತಾರೆ. ಅದು ಹಳೆಯ ಸುದ್ದಿ. ರೊಮಿಡೆಪ್ಸಿನ್‌ಗೆ 2009ರಲ್ಲಿ ಚರ್ಮದ ಟಿ-ಕೋಶ ಲಿಂಫೋಮಾಕ್ಕೆ, 2011ರಲ್ಲಿ ಪೆರಿಫೆರಲ್ ಟಿ-ಕೋಶ ಲಿಂಫೋಮಾಕ್ಕೆ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ನಾಲ್ಕು ಮದ್ದುಗಳ ಚಾಪ್ ಕೀಮೊ ಜೊತೆ ಸೇರಿಸಿ ಕೊಟ್ಟ ಮೂರನೇ ಹಂತದ ಟ್ರಯಲ್‌ನಲ್ಲಿ ಕಾಯಿಲೆ ಮರುಕಳಿಸದ ಅವಧಿ ಗಮನಾರ್ಹವಾಗಿ ಹೆಚ್ಚಲಿಲ್ಲ. 2021ರಲ್ಲಿ ಕಂಪನಿ ಅಮೆರಿಕದಲ್ಲಿ ಆ ಎರಡನೇ ಬಳಕೆಯನ್ನು ಹಿಂದಕ್ಕೆ ಪಡೆಯಿತು. ಚರ್ಮದ್ದು ಉಳಿದಿದೆ. ಬೆಲಿನೊಸ್ಟಾಟ್‌ಗೆ 2014ರಲ್ಲಿ ಪೆರಿಫೆರಲ್ ಟಿ-ಕೋಶ ಲಿಂಫೋಮಾಕ್ಕೆ ಒಪ್ಪಿಗೆ ಬಂತು. ಟ್ರಯಲ್‌ನಲ್ಲಿ ಗಡ್ಡೆ ಕುಗ್ಗಿದ್ದು ಸುಮಾರು ನಾಲ್ಕನೇ ಒಂದು ಭಾಗ ರೋಗಿಗಳಲ್ಲಿ. ಪ್ಯಾನೊಬಿನೊಸ್ಟಾಟ್‌ಗೆ 2015ರಲ್ಲಿ ಮಲ್ಟಿಪಲ್ ಮೈಲೊಮಾಕ್ಕೆ (ಆಂಟಿಬಾಡಿ ಮಾಡುವ ಕೋಶದ ಕ್ಯಾನ್ಸರ್), ಬೋರ್ಟೆಜೊಮಿಬ್ ಮತ್ತು ಡೆಕ್ಸಾಮೆಥಾಸೋನ್ ಜೊತೆಗೆ. ರೋಗ ಮುಂದುವರಿಯದ ಅವಧಿ ಸುಮಾರು 8 ತಿಂಗಳಿಂದ 12ಕ್ಕೆ ಏರಿತು, ಆದರೆ ಭೇದಿ ಮತ್ತು ಹೃದಯದ ತೊಂದರೆಯ ಎಚ್ಚರಿಕೆ ಮದ್ದಿನ ಲೇಬಲ್ ಮೇಲೆಯೇ ಕೂತಿತು. 2022ರಲ್ಲಿ ಅಮೆರಿಕದಲ್ಲಿ ಆ ಒಪ್ಪಿಗೆಯೂ ಹೋಯಿತು. ಚೀನಾದ ಟುಸಿಡಿನೊಸ್ಟಾಟ್, ಅಂದರೆ ಚಿಡಮೈಡ್, ಬಾಯಿಯಲ್ಲಿ ತೆಗೆದುಕೊಳ್ಳುವ ಮದ್ದು. ಅಲ್ಲಿ 2014ರಲ್ಲಿ, ಜಪಾನಿನಲ್ಲಿ 2021ರಲ್ಲಿ ಒಪ್ಪಿಗೆ.

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಕಥೆ ಇನ್ನೂ ಸಪ್ಪೆ. ಲ್ಯಾಬಿನಲ್ಲಿ ಅಷ್ಟು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಎಎಂಎಲ್1-ಇಟಿಒ, ಪಿಎಂಎಲ್-ರಾರಾ ಎಂಬ ಬೆಸೆದ ಪ್ರೋಟೀನುಗಳು ಎಚ್‌ಡ್ಯಾಕ್ ಇರುವ ಗುಂಪನ್ನೇ ಎಳೆದು ತಂದು ಜೀನುಗಳನ್ನು ಮುಚ್ಚಿಸುತ್ತವೆ. ಆದರೂ ಪ್ರಾಸಿನೊಸ್ಟಾಟ್ ಮತ್ತು ಅಜಾಸೈಟಿಡಿನ್ ಸೇರಿಸಿದ ಮೂರನೇ ಹಂತದ ಟ್ರಯಲನ್ನು 2020ರಲ್ಲಿ ಪ್ರಯೋಜನ ಕಾಣದೆ ನಿಲ್ಲಿಸಬೇಕಾಯಿತು. ಪೀಠಿಕೆಯಲ್ಲಿ ಇದನ್ನೂ ಬರೆಯಿರಿ. ಪರೀಕ್ಷಕರಿಗೆ ನೀವು ಓದಿದ್ದೀರಿ ಎಂದು ಗೊತ್ತಾಗುತ್ತದೆ.

ಇದನ್ನು ಮನೆಯವರ ಕಾಯಿಲೆಗಾಗಿ ಓದುತ್ತಿರುವವರೂ ಇರಬಹುದು. ಅವರಿಗೆ ಒಂದೇ ಮಾತು: ಈ ಮದ್ದುಗಳು ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ, ಕಾಯಿಲೆ ಮರಳಿ ಬಂದಾಗ ಅಥವಾ ಬೇರೆಯದಕ್ಕೆ ಬಗ್ಗದಿದ್ದಾಗ ಯೋಚಿಸುವಂಥವು. ಆಂಕಾಲಜಿಸ್ಟ್ ಹತ್ತಿರ ಪ್ಲೇಟ್‌ಲೆಟ್, ಇಸಿಜಿ, ಪೊಟ್ಯಾಸಿಯಂ–ಮೆಗ್ನೀಸಿಯಂ, ಹೆಪಟೈಟಿಸ್ ಬಿ ಪರೀಕ್ಷೆಗಳ ಬಗ್ಗೆ ಕೇಳಿ. ವೊರಿನೊಸ್ಟಾಟ್ ಕ್ಯಾಪ್ಸೂಲ್ ಮನೆಯಲ್ಲೇ ತೆಗೆದುಕೊಳ್ಳಬಹುದು. ರೊಮಿಡೆಪ್ಸಿನ್ ಆದರೆ 28 ದಿನಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯ ಡ್ರಿಪ್. ಬೈಂದೂರಿನಿಂದಲೋ ಸುಳ್ಯದಿಂದಲೋ ಬರುವವರಿಗೆ ಅದು ದೊಡ್ಡ ವ್ಯತ್ಯಾಸ.

ಕೋಶದ ಆಯ್ಕೆ

ಇಲ್ಲಿ ನಾನು ಸ್ವಲ್ಪ ಹಠಮಾರಿ. ನನ್ನ ಪ್ರಕಾರ ಎಚ್‌ಡ್ಯಾಕ್ ಪ್ರಾಜೆಕ್ಟ್ ಗೆಲ್ಲುವುದು ಸೋಲುವುದು ಮದ್ದಿನಿಂದ ಕಡಿಮೆ, ಕೋಶದಿಂದ ಜಾಸ್ತಿ.

ಲ್ಯಾಬಿನಲ್ಲಿ ಬೆಳೆಸಿಕೊಂಡು ಬಂದ ಕೋಶಗಳಲ್ಲಿ, ಅಂದರೆ ಸೆಲ್ ಲೈನ್‌ಗಳಲ್ಲಿ, ಜುರ್ಕಾಟ್ ಎಲ್ಲ ಕಡೆ ಇದೆ, ಬೇಗ ಬೆಳೆಯುತ್ತದೆ, ಯಾರ ಹತ್ತಿರ ಕೇಳಿದರೂ ಒಂದು ವಯಲ್ ಸಿಗುತ್ತದೆ. ಆದರೆ ಅದು ಲ್ಯುಕೇಮಿಯಾದ ಕೋಶ; ಬೆಳವಣಿಗೆಗೆ ಬ್ರೇಕ್ ಹಾಕುವ ಪಿಟೆನ್ ಪ್ರೋಟೀನ್ ಇಲ್ಲ, ಹಾಗಾಗಿ ಬದುಕುವ ಸಂಕೇತ ಸದಾ ಆನ್. ಇದನ್ನು 'ಟಿ ಕೋಶದ ಮಾದರಿ' ಎಂದು ಕರೆದು ರೋಗನಿರೋಧಕತೆಯ ಬಗ್ಗೆ ತೀರ್ಮಾನ ಕೊಡುವುದು ಸರಿಯಲ್ಲ. ಲಿಂಫೋಮಾ ನಿಮ್ಮ ವಿಷಯವಾದರೆ ಹಟ್ 78 ಮೇಲು. ಅದು ಚರ್ಮದ ಟಿ-ಕೋಶ ಲಿಂಫೋಮಾದ ಒಂದು ಬಗೆಯಾದ ಸೆಜಾರಿ ಸಿಂಡ್ರೋಮ್ ರೋಗಿಯಿಂದ ಬಂದದ್ದು, ಅಂದರೆ ಈ ಮದ್ದುಗಳಿಗೆ ಒಪ್ಪಿಗೆ ಸಿಕ್ಕ ಕಾಯಿಲೆಯದೇ ಕೋಶ. ಎಎಂಎಲ್1-ಇಟಿಒ ಬೇಕಿದ್ದರೆ ಕಸುಮಿ-1. ಪಿಎಂಎಲ್-ರಾರಾ ಬೇಕಿದ್ದರೆ ಎನ್‌ಬಿ4. ಹೆಸರಿನಲ್ಲಿ ಪ್ರೊಮೈಲೊಸೈಟಿಕ್ ಇದೆ ಎಂದು ಎಚ್‌ಎಲ್-60 ತರಿಸಿ ಪಿಎಂಎಲ್-ರಾರಾ ಹುಡುಕುವವರು ಇದ್ದಾರೆ. ಅದರಲ್ಲಿ ಆ ಬೆಸುಗೆ ಇಲ್ಲ. ಮೈಲೊಮಾಕ್ಕೆ ಆರ್‌ಪಿಎಂಐ 8226. ಇದನ್ನು ಎಚ್‌ಡ್ಯಾಕ್6 ಮದ್ದು ಮತ್ತು ಬೋರ್ಟೆಜೊಮಿಬ್ ಜೊತೆ ಜೋಡಿಸಿದರೆ ತರ್ಕ ಚೆನ್ನಾಗಿ ಕೂರುತ್ತದೆ. ಮೈಲೊಮಾ ಕೋಶ ರಾಶಿ ರಾಶಿ ಆಂಟಿಬಾಡಿ ಪ್ರೋಟೀನ್ ತಯಾರಿಸುತ್ತದೆ, ಕೆಟ್ಟ ಪ್ರೋಟೀನೂ ಹಾಗೇ ರಾಶಿ ಬೀಳುತ್ತದೆ. ಅದನ್ನು ವಿಲೇವಾರಿ ಮಾಡುವ ಒಂದು ದಾರಿ ಬೋರ್ಟೆಜೊಮಿಬ್ ತಡೆಯುವ ಪ್ರೋಟಿಯಸೋಮ್, ಇನ್ನೊಂದು ಎಚ್‌ಡ್ಯಾಕ್6 ನೆರವಿನ ಅಗ್ರಿಸೋಮ್. ಎರಡನ್ನೂ ಒಟ್ಟಿಗೆ ಮುಚ್ಚಿ ಏನಾಗುತ್ತದೆ ನೋಡಿ.

ಬಜೆಟ್ ತೀರಾ ಕಡಿಮೆ ಇದ್ದರೆ ಕೆ562 ಎಂಬ ಲ್ಯುಕೇಮಿಯಾ ಕೋಶ ಮತ್ತು ಬ್ಯುಟಿರೇಟ್. ಕೋಶಗಳು ಹಿಮೋಗ್ಲೋಬಿನ್ ಮಾಡತೊಡಗುತ್ತವೆ. ಸೆಂಟ್ರಿಫ್ಯೂಜ್ ಮಾಡಿದಾಗ ತಳದಲ್ಲಿ ಕೂರುವ ಕೋಶಗಳ ಗುಳಿಗೆ ನಸುಗೆಂಪು ತಿರುಗಿದ್ದು ಬರಿಗಣ್ಣಿಗೇ ಕಾಣುವುದುಂಟು. ಬೆಂಜಿಡಿನ್ ಬಣ್ಣ ಹಾಕಿ ಎಣಿಸುತ್ತಾರೆ, ಆದರೆ ಬೆಂಜಿಡಿನ್ ಸ್ವತಃ ಕ್ಯಾನ್ಸರ್ ತರುವ ರಾಸಾಯನಿಕ. ಗ್ಲೌಸ್, ಹುಡ್, ಬೇರೆ ವೇಸ್ಟ್ ಡಬ್ಬ ಇಲ್ಲದಿದ್ದರೆ ಆ ದಾರಿ ಬೇಡ. ಹಿಮೋಗ್ಲೋಬಿನ್ ಜೀನನ್ನು ಪಿಸಿಆರ್‌ನಲ್ಲಿ ನೋಡಿದರೂ ಆಗುತ್ತದೆ. ಸೆಲ್ ಲೈನ್‌ಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸುವುದು ಒಳ್ಳೆಯದು. ಪಕ್ಕದ ಲ್ಯಾಬಿನ ಫ್ರಿಜ್‌ನಿಂದ ಬಂದ ವಯಲ್‌ಗೆ ಮೈಕೊಪ್ಲಾಸ್ಮಾ (ಕಣ್ಣಿಗೆ ಕಾಣದೆ ಕೋಶ ಕೆಡಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡದೆ ಕೆಲಸ ಶುರು ಮಾಡಬೇಡಿ.

ಇನ್ನು ಪಿಬಿಎಂಸಿ, ಅಂದರೆ ದಾನಿಯ ರಕ್ತದಿಂದ ಫೈಕಾಲ್ ಎಂಬ ದ್ರವದ ಮೇಲೆ ಬೇರ್ಪಡಿಸಿ ತೆಗೆದ ಬಿಳಿ ಕೋಶಗಳು. ಇದನ್ನು ಬಿಟ್ಟು ಎಚ್‌ಡ್ಯಾಕ್ ಪ್ರಾಜೆಕ್ಟ್ ಮಾಡಬಾರದು ಎನ್ನುವುದೇ ನನ್ನ ವಾದ. 10 ಮಿಲಿ ರಕ್ತದಿಂದ ಸುಮಾರು ಒಂದು ಕೋಟಿ ಕೋಶ ಸಿಗುತ್ತದೆ, ಸಣ್ಣ ಪ್ರಯೋಗಕ್ಕೆ ಸಾಕು. ಅರ್ಧವನ್ನು ಹಾಗೇ ಇಡಿ, ಇನ್ನರ್ಧವನ್ನು ಟಿ ಕೋಶ ಕೆರಳಿಸುವ ಪಿಎಚ್‌ಎ ಅಥವಾ ಸಿಡಿ3/ಸಿಡಿ28 ಆಂಟಿಬಾಡಿಯಿಂದ ಎಬ್ಬಿಸಿ. ಸುಮ್ಮನಿರುವ ಕೋಶ ಮದ್ದನ್ನು ತಡೆದುಕೊಳ್ಳುತ್ತದೆ, ಎದ್ದು ವಿಭಜನೆಗೆ ತೊಡಗಿದ ಕೋಶ ಅಷ್ಟು ತಡೆದುಕೊಳ್ಳುವುದಿಲ್ಲ. ಹಾಗಾಗಿ 'ಸಾಮಾನ್ಯ ಕೋಶಕ್ಕೆ ಅಪಾಯವಿಲ್ಲ' ಎಂಬ ಸಾಲು ಬರೆಯುವ ಮುನ್ನ ಎರಡೂ ನೋಡಬೇಕು.

ನಮ್ಮ ಕರಾವಳಿಗೆ ಇಲ್ಲಿ ಒಂದೆರಡು ವಿಶೇಷ ಇದೆ. ಮಂಗಳೂರಿನಲ್ಲಿ ಮಳೆಗಾಲ ಎಂದರೆ ಮಲೇರಿಯಾ, ಡೆಂಗಿ, ಹೆಸರಿಲ್ಲದ ನೂರು ಜ್ವರ. ಈಗಷ್ಟೇ ಜ್ವರ ಬಿಟ್ಟ ದಾನಿಯ ಟಿ ಕೋಶ ಆಗಲೇ ಅರ್ಧ ಎದ್ದು ಕೂತಿರುತ್ತದೆ. ದಾನಿಯ ಫಾರಂನಲ್ಲಿ ಕಳೆದ ತಿಂಗಳ ಜ್ವರದ ಬಗ್ಗೆ ಕೇಳಿ. ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದೂ ಕೇಳಿ. ವಾಲ್ಪ್ರೊಯೇಟ್ ತೆಗೆದುಕೊಳ್ಳುವವರ ರಕ್ತದಲ್ಲಿ ಎಚ್‌ಡ್ಯಾಕ್ ಇನ್‌ಹಿಬಿಟರ್ ಮೊದಲೇ ಇದೆಯಲ್ಲ! ಕನಿಷ್ಠ ಮೂರು ದಾನಿಗಳಾದರೂ ಬೇಕು. ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಸ್ನೇಹಿತನ ಕೈಗೂ ಸೂಜಿ ಚುಚ್ಚುವಂತಿಲ್ಲ. ಅರ್ಜಿಯನ್ನು ಮೊದಲ ವಾರವೇ ಹಾಕಿ.

ಪಿಬಿಎಂಸಿಯ ಇನ್ನೊಂದು ಲಾಭ ಜಡಿಮಳೆಯ ಆಟಿ ತಿಂಗಳಲ್ಲಿ ಗೊತ್ತಾಗುತ್ತದೆ. ಗೋಡೆಗೇ ಬೂಸು ಹಿಡಿಯುವ ಕಾಲ, ಇನ್‌ಕ್ಯುಬೇಟರ್ ಬಿಟ್ಟೀತಾ? ತಿಂಗಳುಗಟ್ಟಲೆ ಬೆಳೆಸಬೇಕಾದ ಸೆಲ್ ಲೈನ್‌ಗೆ ಫಂಗಸ್ ಬಂದರೆ ಎಲ್ಲ ಚೆಲ್ಲಿ ಹೊಸ ವಯಲ್ ಕರಗಿಸಬೇಕು. ಪಿಬಿಎಂಸಿ ಪ್ರಯೋಗ ಮೂರರಿಂದ ಐದು ದಿನದಲ್ಲಿ ಮುಗಿಯುತ್ತದೆ.

ಪ್ರಶ್ನೆ ರೋಗನಿರೋಧಕತೆಯದ್ದಾದರೆ

ಕ್ಯಾನ್ಸರ್ ಕೋಶ ಸಾಯುವುದನ್ನು ನೋಡುವುದಕ್ಕಿಂತ ಇದು ಹೆಚ್ಚು ರುಚಿಯ ವಿಷಯ, ಆದರೆ ಮದ್ದಿನ ಆಯ್ಕೆ ಇಲ್ಲಿ ಇನ್ನೂ ಸೂಕ್ಷ್ಮ. ರೆಗ್ಯುಲೇಟರಿ ಟಿ ಕೋಶಗಳನ್ನೇ ತೆಗೆದುಕೊಳ್ಳಿ. 2007ರಲ್ಲಿ ವೇಯ್ನ್ ಹ್ಯಾನ್‌ಕಾಕ್ ತಂಡ ಇಲಿಗಳಲ್ಲಿ ಟ್ರೈಕೊಸ್ಟಾಟಿನ್ ಎ ಕೊಟ್ಟಾಗ ಈ ಕೋಶಗಳು ಹೆಚ್ಚಿದವು, ಅವುಗಳ ಹಿಡಿತ ಬಲವಾಯಿತು. ಹಿಂದಿನ ಕಾರಣ ಎಚ್‌ಡ್ಯಾಕ್9 ಎಂದು ತೋರಿತು. ಎಚ್‌ಡ್ಯಾಕ್6 ತಡೆದರೂ ಹೀಗೇ ಎಂದು ಆಮೇಲೆ ಗೊತ್ತಾಯಿತು. ಆದರೆ ಒಂದನೇ ವರ್ಗವನ್ನು ಮಾತ್ರ ಹಿಡಿಯುವ ಎಂಟಿನೊಸ್ಟಾಟ್, ಗಡ್ಡೆ ಇರುವ ಇಲಿಗಳಲ್ಲಿ ಕಡಿಮೆ ಪ್ರಮಾಣಕ್ಕೇ ಇವುಗಳ ಮುಖ್ಯ ಪ್ರೋಟೀನಾದ ಫಾಕ್ಸ್‌ಪಿ3 ಇಳಿಸಿ ಇದೇ ಕೋಶಗಳ ಕೈ ಕಟ್ಟಿತು. ಒಂದು ಮದ್ದು ಹತ್ತಿಸುತ್ತದೆ, ಇನ್ನೊಂದು ಇಳಿಸುತ್ತದೆ. ಒಂದನೇ ವರ್ಗ, ಎಚ್‌ಡ್ಯಾಕ್6 ಎರಡನ್ನೂ ಒಟ್ಟಿಗೆ ತಡೆಯುವ ವೊರಿನೊಸ್ಟಾಟ್ ಹಾಕಿ ಬಂದ ಫಲಿತಾಂಶವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ? ಹಾಗಾಗಿ ಈ ಪ್ರಶ್ನೆಗೆ ನನ್ನ ಆಯ್ಕೆ ಎಂಟಿನೊಸ್ಟಾಟ್ ಮತ್ತು ಟ್ಯೂಬಸ್ಟಾಟಿನ್ ಎ ಜೋಡಿ, ಪಕ್ಕಪಕ್ಕದಲ್ಲಿ.

ಉರಿಯೂತದ ಪ್ರಶ್ನೆಗೆ ಟಿಎಚ್‌ಪಿ-1 ಎಂಬ ಲ್ಯುಕೇಮಿಯಾ ಕೋಶಕ್ಕೆ ಪಿಎಂಎ ಎಂಬ ರಾಸಾಯನಿಕ ಕೊಟ್ಟು ಮ್ಯಾಕ್ರೊಫೇಜ್ ಮಾಡಿ, ಬ್ಯಾಕ್ಟೀರಿಯಾದ ಕವಚದ ಎಲ್‌ಪಿಎಸ್‌ನಿಂದ ಕೆಣಕಿ, ಟಿಎನ್‌ಎಫ್ ಎಂಬ ಸೈಟೊಕೈನ್ ಅಳೆಯಬಹುದು. ಇಲ್ಲಿ ವೊರಿನೊಸ್ಟಾಟ್ ಸಾಕು. ಆದರೆ ಕ್ಯಾನ್ಸರ್ ಕೊಲ್ಲುವ ಪ್ರಮಾಣ ಬೇಡ. ಸೈಟೊಕೈನ್ ಇಳಿಯಲು ಅದಕ್ಕಿಂತ ಕಡಿಮೆ, ಮೈಕ್ರೋಮೋಲಾರ್‌ಗಿಂತ ಕೆಳಗಿನ ಪ್ರಮಾಣವೇ ಸಾಕಾಗುತ್ತದೆ. ಈ ಗುಣವನ್ನು ನಂಬಿಯೇ ಮೂಳೆಮಜ್ಜೆ ಕಸಿ ಮಾಡಿದವರಲ್ಲಿ ದಾನಿಯ ಕೋಶಗಳು ರೋಗಿಯ ಮೈಮೇಲೆ ಬೀಳದಂತೆ ತಡೆಯಲು ವೊರಿನೊಸ್ಟಾಟ್ ಕೊಟ್ಟು ನೋಡಿದ್ದಾರೆ. ಅದರ ಮೊದಲ ವರದಿ 2014ರದ್ದು.

ಮತ್ತೊಂದು ವಿಷಯ, ಎಚ್‌ಡ್ಯಾಕ್ ಎಂದರೆ ಕ್ಯಾನ್ಸರಿನ ಪಕ್ಷ ಎಂದು ಭಾವಿಸಿದವರಿಗೆ. 2013ರಲ್ಲಿ ಎರಡು ತಂಡಗಳು ಇಲಿಯ ಥೈಮಸ್‌ನಲ್ಲಿ ಎಚ್‌ಡ್ಯಾಕ್1 ಮತ್ತು 2ನ್ನು ಜೀನ್ ಮಟ್ಟದಲ್ಲೇ ಕಡಿಮೆ ಮಾಡಿದವು. ಇಲಿಗಳಿಗೆ ಟಿ-ಕೋಶ ಲಿಂಫೋಮಾ ಬಂತು. ಅದೇ ಕಿಣ್ವವನ್ನು ತಡೆದು ನಾವು ಟಿ-ಕೋಶ ಲಿಂಫೋಮಾಕ್ಕೆ ಮದ್ದು ಮಾಡುತ್ತಿದ್ದೇವೆ! ಬೆಳೆಯುತ್ತಿರುವ ಕೋಶದಲ್ಲಿ ಅದು ಕಾವಲು, ಕೆಟ್ಟ ಮೇಲೆ ಅದೇ ಆಸರೆ. ಸೆಮಿನಾರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಸಿದ್ಧರಾಗಿ ಹೋಗಿ.

ಮದ್ದಾ, ಜೀನ್ ಕತ್ತರಿಸುವುದಾ?

ಪಿಎಚ್‌ಡಿ ಆದರೆ ಎರಡೂ ಬೇಕು. ಎಂಎಸ್ಸಿ ಆದರೆ ಮದ್ದು ಸಾಕು. ಮದ್ದು ಕಿಣ್ವದ ಕೆಲಸ ನಿಲ್ಲಿಸುತ್ತದೆ, ಪ್ರೋಟೀನ್ ಅಲ್ಲೇ ಇರುತ್ತದೆ, ಅದು ಕಟ್ಟಿಕೊಂಡ ಗುಂಪೂ ಇರುತ್ತದೆ. ಜೀನ್ ತೆಗೆದರೆ ಎಲ್ಲವೂ ಹೋಗುತ್ತದೆ. ಎರಡರ ಫಲಿತಾಂಶ ಬೇರೆ ಬಂದರೆ ಆಶ್ಚರ್ಯ ಬೇಡ. ಎಚ್‌ಡ್ಯಾಕ್1 ತೆಗೆದಾಗ ಎಚ್‌ಡ್ಯಾಕ್2 ಏರಿ ಜಾಗ ತುಂಬುವುದೂ ಉಂಟು. ಜುರ್ಕಾಟ್‌ನಂಥ ತೇಲುವ ಕೋಶಕ್ಕೆ ಸಾದಾ ಲಿಪಿಡ್ ರೀಏಜೆಂಟ್‌ನಿಂದ ಎಸ್‌ಐಆರ್‌ಎನ್‌ಎ (ಜೀನನ್ನು ಅಡಗಿಸುವ ಆರ್‌ಎನ್‌ಎ ತುಣುಕು) ಹಾಕಲು ಹೋಗಿ ತಿಂಗಳು ಕಳೆಯಬೇಡಿ. ಎಲೆಕ್ಟ್ರೊಪೊರೇಟರ್ ಅಥವಾ ಲೆಂಟಿವೈರಸ್ ಇದ್ದರೆ ಮಾತ್ರ ಆ ಕಡೆ ಹೊರಡಿ.

ಅಳೆಯುವುದು ಹೇಗೆ

ಮದ್ದು ಕೆಲಸ ಮಾಡಿತಾ ಎಂಬುದಕ್ಕೆ ಅಸೆಟೈಲ್ ಎಚ್3 ಬ್ಲಾಟ್, ಅಂದರೆ ಜೆಲ್‌ನಲ್ಲಿ ಬೇರ್ಪಡಿಸಿದ ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ, ಬೇಕೇ ಬೇಕು. ಎಚ್3 ಬಹಳ ಸಣ್ಣದು, 17 ಕಿಲೋಡಾಲ್ಟನ್ ಆಸುಪಾಸು. ಆಕ್ಟಿನ್‌ಗೆ ಓಡಿಸುವ 10 ಪರ್ಸೆಂಟ್ ಜೆಲ್‌ನಲ್ಲಿ ಅದು ಬಣ್ಣದ ಗೆರೆಯ ಜೊತೆ ಕೆಳಗೆ ಸರಿದು ಬಫರ್‌ಗೆ ಹೋಗಿಬಿಡುತ್ತದೆ. 15 ಪರ್ಸೆಂಟ್ ಜೆಲ್, 0.2 ಮೈಕ್ರಾನ್ ಮೆಂಬ್ರೇನ್, ಲೋಡಿಂಗ್ ಕಂಟ್ರೋಲ್‌ಗೆ ಒಟ್ಟು ಎಚ್3. ಸಾಮಾನ್ಯ ಲೈಸಿಸ್ ಬಫರ್‌ನಲ್ಲಿ ಹಿಸ್ಟೋನ್ ಪೂರ್ತಿ ಹೊರಬರುವುದಿಲ್ಲ, ತಳದ ಗುಳಿಗೆಯಲ್ಲೇ ಉಳಿಯುತ್ತದೆ. ಆಸಿಡ್ ಹಾಕಿ ತೆಗೆಯಬೇಕು. ಗುಳಿಗೆಯನ್ನು ಕಸಕ್ಕೆ ಎಸೆದು 'ಆಂಟಿಬಾಡಿ ಸರಿಯಿಲ್ಲ' ಎಂದು ಬೈಯುವುದು ನಮ್ಮಲ್ಲಿ ಮಾಮೂಲು.

ಸಾವು ಅಳೆಯಲು ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಸುಲಭ, ಆದರೆ ಕೋಶ ಸತ್ತಿತೋ ಅಥವಾ ಬರೇ ಬೆಳವಣಿಗೆ ನಿಂತಿತೋ ಅದು ಹೇಳುವುದಿಲ್ಲ. ಈ ಮದ್ದುಗಳು ಕೋಶ ವಿಭಜನೆ ತಡೆಯುವ ಪಿ21 ಪ್ರೋಟೀನ್ ಏರಿಸಿ ಕೋಶಚಕ್ರವನ್ನು ನಿಲ್ಲಿಸುವುದರಲ್ಲಿ ನಿಸ್ಸೀಮ. ಸಾಮಾನ್ಯವಾಗಿ ಪಿ21 ಏರಿಸುವ ಪಿ53 ಇಲ್ಲದ ಕೆ562, ಎಚ್‌ಎಲ್-60ರಲ್ಲೂ ಪಿ21 ಏರುತ್ತದೆ. ಜೊತೆಗೆ ಸತ್ತ ಕೋಶಕ್ಕೆ ಮಾತ್ರ ಬಣ್ಣ ಹತ್ತುವ ಟ್ರೈಪಾನ್ ಬ್ಲೂ ಎಣಿಕೆ ಇರಲಿ. ಸಾಯುತ್ತಿರುವ ಕೋಶಕ್ಕೆ ಅಂಟುವ ಅನೆಕ್ಸಿನ್ ವಿ ಹಾಕಿ, ಕೋಶಗಳನ್ನು ಒಂದೊಂದಾಗಿ ಓದುವ ಫ್ಲೋ ಸೈಟೋಮೆಟ್ರಿ ಉತ್ತಮ, ನಿಮ್ಮ ಕಟ್ಟಡದಲ್ಲೇ ಯಂತ್ರ ಇದ್ದರೆ. ಬಣ್ಣ ಹಾಕಿದ ಮೇಲೆ ಗಂಟೆಯೊಳಗೆ ಓದಿಸಬೇಕು. ಕೊಣಾಜೆಯಿಂದ ಮಣಿಪಾಲಕ್ಕೆ ಐಸ್ ಪೆಟ್ಟಿಗೆ ಹಿಡಿದು ಹೊರಟರೆ ಹೆದ್ದಾರಿ 66ರಲ್ಲಿ ಪಂಪ್‌ವೆಲ್ ದಾಟುವಷ್ಟರಲ್ಲೇ ಅರ್ಧ ಹೊತ್ತು ಹೋಗಿರುತ್ತದೆ. ಯಂತ್ರ ದೂರ ಇದ್ದವರು ಕೋಶಗಳನ್ನು ಫಿಕ್ಸ್ ಮಾಡಿ ಒಳಗಿನ ಅಸೆಟೈಲ್ ಎಚ್3 ಅಥವಾ ಕತ್ತರಿಸಿದ ಕ್ಯಾಸ್ಪೇಸ್-3ಕ್ಕೆ ಬಣ್ಣ ಹಾಕುವುದು ವಾಸಿ. ಅವನ್ನು ಮಾರನೇ ದಿನ ಓದಿಸಿದರೂ ನಡೆಯುತ್ತದೆ.

ಕಂಟ್ರೋಲ್ ಬಗ್ಗೆ ಮೇಲೆ ಹೇಳಿದ ಡಿಎಂಎಸ್‌ಒ ಮಾತು ಇಲ್ಲಿ ಬೇಕು. 1.25 ಪರ್ಸೆಂಟ್ ಡಿಎಂಎಸ್‌ಒ ಹಾಕಿದರೆ ಎಚ್‌ಎಲ್-60 ಯಾವ ಮದ್ದೂ ಇಲ್ಲದೆ ನ್ಯೂಟ್ರೊಫಿಲ್ ತರ ಆಗಿಬಿಡುತ್ತದೆ. 0.1 ಪರ್ಸೆಂಟ್ ಮೀರಬೇಡಿ, ಪ್ಲೇಟಿನ ಎಲ್ಲ ಬಾವಿಗೂ (ಕೋಶ ಹಾಕುವ ಗುಂಡಿಗೂ) ಒಂದೇ ಅಳತೆ ಇರಲಿ. ಬರೇ ಮೀಡಿಯಾ ಇರುವ ಒಂದು ಬಾವಿಯನ್ನೂ ಇಡಿ.

ನನ್ನನ್ನೇ ಕೇಳಿದರೆ ಆರು ತಿಂಗಳ ಎಂಎಸ್ಸಿ ಪ್ರಾಜೆಕ್ಟ್‌ಗೆ ವೊರಿನೊಸ್ಟಾಟ್, ಹಟ್ 78, ಮೂರು ದಾನಿಗಳ ಪಿಬಿಎಂಸಿ, ಅಷ್ಟೇ. ದುಡ್ಡು ಕಡಿಮೆ ಇದ್ದರೆ ವಾಲ್ಪ್ರೊಯೇಟ್ ಮತ್ತು ಕೆ562, ಆದರೆ ಪಿಬಿಎಂಸಿ ಮಾತ್ರ ಬಿಡಬೇಡಿ. ಗೈಡ್ 'ಇನ್ನೂ ಎರಡು ಸೆಲ್ ಲೈನ್ ಸೇರಿಸು' ಎಂದರೆ, ಅದರ ಬದಲು ಇನ್ನೂ ಎರಡು ದಾನಿ ಸೇರಿಸಲು ಕೇಳಿ ನೋಡಿ. ಆರ್ಡರ್ ಹಾಕುವಾಗ ಆಂಟಿಬಾಡಿ ಮೊದಲು, ಮದ್ದು ಆಮೇಲೆ. ಮದ್ದಿನ ಪುಡಿ ಹಾದಿಯಲ್ಲಿ ಎರಡು ದಿನ ಜಾಸ್ತಿ ಇದ್ದರೂ ಹೆಚ್ಚಾಗಿ ಏನೂ ಆಗುವುದಿಲ್ಲ. ಆದರೆ ಡ್ರೈ ಐಸ್‌ನಲ್ಲಿ ಬರಬೇಕಾದ ಕೋಶ ಮತ್ತು ಕಿಟ್‌ಗಳನ್ನು ಜುಲೈನಲ್ಲಿ ತರಿಸಬೇಡಿ. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಪೆಟ್ಟಿಗೆ ಸಕಲೇಶಪುರದ ಆಚೆಯೇ ನಿಲ್ಲುತ್ತದೆ. ಅಂಥವನ್ನು ಮೇ ಮೊದಲ ವಾರದೊಳಗೆ ತರಿಸಿ, ಕೋಶಗಳನ್ನು ಲಿಕ್ವಿಡ್ ನೈಟ್ರೋಜನ್‌ಗೆ ಇಳಿಸಿಬಿಡಿ.